ಚಿಕ್ಕಮ್ಮನ ಹರಟೆ ಪುಸ್ತಕ, ಓದುಗರ ಮಾತು, ಎರಡನೇ ಮುದ್ರಣ

ಚಿಕ್ಕಮ್ಮಾ, ಎರಡನೇ ಮುದ್ರಣಕ್ಕೆ ಮುಂಚೆ ಏನು ತಿದ್ದಲಿ ಅಂತ ಓದುಗರ ಪ್ರತಿಕ್ರಿಯೆಗಳನ್ನೆಲ್ಲ ಗ್ರೂಪಿಗೆ ಹಾಕಿದ್ದೀರಲ್ಲ, ಅದಕ್ಕೆ ಉತ್ತರ ಇದು. ಉದ್ದ ಆಗುತ್ತೆ, ಪುರಸೊತ್ತಾದಾಗ ಕೇಳಿ.

'ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆವು', 'ಸೂಪರ್', 'ಹೀಗೇ ಬರೀತಿರಿ' ಅಂದವರನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಖುಷಿಪಡೋಕೆ ಅದು ಸಾಕು, ತಿದ್ದೋಕೆ ಅದರಿಂದ ಏನೂ ಹುಟ್ಟಲ್ಲ. ಯಾರು ಒಂದು ಸಾಲನ್ನ ಹಾಗೇ ಎತ್ತಿ ಬರೆದಿದ್ದಾರೋ, ಯಾರು 'ಇಲ್ಲಿ ಪುಸ್ತಕ ಮುಚ್ಚಿಟ್ಟೆ' ಅಂದಿದ್ದಾರೋ, ಅವರ ಮಾತನ್ನ ಪೆನ್ಸಿಲ್ ಹಿಡ್ಕೊಂಡು ಓದಿ.

ಅದರಲ್ಲಿ ದೊಡ್ಡ ದೂರು, 'ಮೊದಲ ಆರೇಳು ಚೆನ್ನಾಗಿವೆ, ಆಮೇಲೆ ಎಲ್ಲಾ ಒಂದೇ ಥರ' ಅನ್ನೋದು. ನಾಲ್ಕು ಜನ ನಾಲ್ಕು ಥರ ಅದನ್ನೇ ಹೇಳಿದ್ದಾರೆ. ಹಾಗಂತ ಎಂಟನೇ ಹರಟೆ ಕೆಟ್ಟಿದೆ ಅಂದ್ಕೊಂಡು ಅದರ ಮೇಲೆ ಕೈ ಹಾಕಬೇಡಿ. ನೀವು ವಾರಕ್ಕೊಂದರಂತೆ ಬರೆದದ್ದನ್ನ ಅವರು ಒಂದೇ ಸಂಜೆ ಓದ್ತಾರೆ. ವಾರದ ಅಂತರದಲ್ಲಿ ಮುಚ್ಚಿಹೋಗ್ತಿದ್ದ ಚಾಳಿಗಳು ಆಗ ಸಾಲಾಗಿ ಎದ್ದು ಕಾಣುತ್ತವೆ. ನನ್ನ ಕೇಳಿದ್ರೆ ಕೆಟ್ಟಿರೋದು ಜೋಡಣೆ.

ಒಂದು ಹಾಳೆ ತಗೊಂಡು 24 ಹರಟೆಗೂ ನಾಲ್ಕು ಕಾಲಂ ಹಾಕಿ. ನಗು ಯಾರ ಮೇಲೆ, ಶುರು ಹೇಗೆ, ನಗಿಸೋದು ಯಾವುದು, ಮುಗಿಯೋದು ಹೇಗೆ. ನಗಿಸೋದು ಅಂದ್ರೆ ಉತ್ಪ್ರೇಕ್ಷೆಯೋ, ಸಂಭಾಷಣೆಯೋ, ಚಿಲ್ಲರೆ ವಿಷಯಕ್ಕೆ ಭಾಷಣದ ಗತ್ತೋ ಅಂತ ಒಂದೊಂದೇ ಪದದಲ್ಲಿ ಬರೆದ್ರೆ ಸಾಕು. ಆಮೇಲೆ ಕಾಲಂ ಹಿಡಿದು ಮೇಲಿಂದ ಕೆಳಗೆ ಓದಿ. 'ಪೆದ್ದು ಗಂಡ' ಸಾಲಾಗಿ ಮೂರು ಸಲ ಬಂದಿದ್ದು ಅಲ್ಲೇ ಸಿಗುತ್ತೆ. ಅಕ್ಕಪಕ್ಕದ ಹರಟೆಗಳಲ್ಲಿ ಎರಡು ಕಾಲಂ ಹೊಂದಿದ್ರೆ ಪರವಾಗಿಲ್ಲ, ಮೂರು ಹೊಂದಿದ್ರೆ ಒಂದನ್ನ ದೂರ ಕಳಿಸಿ. ಮುಕ್ತಾಯ ಮಾತ್ರ ಪಕ್ಕಪಕ್ಕದಲ್ಲಿ ಒಂದೇ ಥರ ಇರಲೇಬಾರದು, ಓದುಗರ ಕಿವಿಯಲ್ಲಿ ಉಳಿಯೋದೇ ಅದು. ನಿಮ್ಮ ಗಟ್ಟಿ ಹರಟೆ ಆರೂ ಮುಂದೇ ಕೂತಿವೆ, ಅದಕ್ಕೇ ಉಳಿದದ್ದೆಲ್ಲ ಇಳಿಜಾರು ಅನ್ನಿಸ್ತಿದೆ. ಅತಿ ಚೆನ್ನಾಗಿರೋದು ಮೊದಲಿರಲಿ, ಅದರ ನಂತರದ್ದು ಕೊನೆಗೆ ಹೋಗಲಿ, ಮೂರನೇದು ಜನ ದಣಿಯೋ ಹತ್ತು ಹನ್ನೊಂದನೇ ಜಾಗಕ್ಕೆ ಬರಲಿ.

ಆಮೇಲೂ ಕೆಲವು ಎಲ್ಲೂ ಕೂರಲ್ಲ. ಅವನ್ನ ತೆಗೀರಿ. ತೆಗೆಯೋದಾದ್ರೆ ನಾಲ್ಕು ತೆಗೀರಿ. ಒಂದೊಂದು ನಾಲ್ಕು ಪುಟ, ಒಟ್ಟು 16 ಪುಟ. ನಿಮ್ಮ ಪುಸ್ತಕ ಡೆಮಿ 1/8 ಅಳತೆಯದ್ದಲ್ವಾ, ಒಂದು ದೊಡ್ಡ ಹಾಳೆಯ ಎರಡೂ ಬದಿ ಸೇರಿ 16 ಪುಟ ಅಚ್ಚಾಗುತ್ತೆ, ಅದೇ ಒಂದು ಫಾರಂ. ಸರಿಯಾಗಿ ಒಂದು ಫಾರಂ ಉಳಿತಾಯ ಆಗುತ್ತೆ. ಮೂರೇ ತೆಗೆದ್ರೆ ಆ ಫಾರಂ ಹಾಕಲೇಬೇಕು, ಕೊನೆಯಲ್ಲಿ ಹನ್ನೆರಡು ಪುಟ ಖಾಲಿ ಬಿಟ್ಕೊಂಡು ಕೂರಬೇಕು.

'ಜೋಕು ಅರ್ಥ ಆಯ್ತು, ನಗು ಬರಲಿಲ್ಲ' ಅಂತ ಪುಟದ ನಂಬರು ಸಮೇತ ಬರೆದವರಿಗೆ ಕೈ ಮುಗೀಬೇಕು. ಆ ಸಾಲು ನೋಡಿ: ಡಾಕ್ಟರು, 'ತೂಕ ಸರಿಯಾಗಿದೆ, ಎತ್ತರ ಎರಡಡಿ ಸಾಲದು' ಎಂದು ಕನ್ನಡಕ ಸರಿಪಡಿಸಿಕೊಳ್ಳುತ್ತಾ ನಗುತ್ತಾ ಹೇಳಿದರು. ಜೋಕು ಮುಗಿದ ಮೇಲೂ ವಾಕ್ಯ ಐದು ಪದ ಓಡ್ತಾ ಇದೆ, ಅಷ್ಟರಲ್ಲಿ ನಗು ಆರಿಹೋಗುತ್ತೆ. ಮೇಲಿಂದ ಡಾಕ್ಟರೇ ನಕ್ಕುಬಿಟ್ಟರೆ ಓದೋರಿಗೆ ಏನು ಉಳೀತು? ಹೀಗೆ ಮಾಡಿ: ಡಾಕ್ಟರು ಕನ್ನಡಕ ಸರಿಪಡಿಸಿಕೊಂಡರು. 'ತೂಕ ಸರಿಯಾಗಿದೆ. ಎತ್ತರ ಎರಡಡಿ ಸಾಲದು.' ಅಲ್ಲಿಗೆ ಪ್ಯಾರಾ ಮುಗೀಲಿ. ಕಂಪ್ಯೂಟರಲ್ಲಿ 'ನಗುತ್ತಾ' ಅಂತ ಹುಡುಕಿ, ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಅಳಿಸಬಹುದು. ಎರಡೆರಡು ಆಶ್ಚರ್ಯಸೂಚಕ ಚಿಹ್ನೆಗಳಿಗೂ ಅದೇ ಗತಿ.

'ಕೊನೇ ಪ್ಯಾರಾ ಬೇಕಿರಲಿಲ್ಲ' ಅಂದವರು ಸರಿ. ಆ ಪ್ಯಾರಾವನ್ನ ಅಂಗೈಯಿಂದ ಮುಚ್ಚಿ ಓದಿ. ಹರಟೆ ಪೂರ್ತಿ ಅನ್ನಿಸಿದ್ರೆ ಮುಚ್ಚಿದ್ದು ಮುಚ್ಚಿದಂತೇ ಇರಲಿ.

ಇನ್ನು 'ಇದು ನಾನೇ ತಾನೆ?' ಅಂತ ಕೇಳಿದವರ ವಿಷಯ. ಅವರೂ ಈ ಗ್ರೂಪಲ್ಲಿ ಇದ್ದಾರೆ, ಹಾಗಾಗಿ ಮೆತ್ತಗೆ ಹೇಳ್ತೀನಿ. ಹೆಸರು ಬದಲಾಯಿಸಿದ್ರೆ ಏನೂ ಆಗಲ್ಲ, ಗುರುತು ಸಿಗೋದು ಕೆಲಸದಿಂದ, ನಡಿಗೆಯಿಂದ, ಬಾಯಿಗೆ ಅಂಟಿದ ಮಾತಿಂದ. ಈ ಮೂರರಲ್ಲಿ ಎರಡಾದ್ರೂ ಬದಲಾಗಬೇಕು. ಇಲ್ಲಾಂದ್ರೆ ಆ ಪೇಚನ್ನ 'ನಾನು' ಅನ್ನೋ ಪಾತ್ರದ ತಲೆಗೇ ಕಟ್ಟಿ. ಆದರೆ ಉಳಿದ 20 ಹರಟೆಯಲ್ಲೂ 'ನಾನು'ವೇ ಎಡವಿ ಬಿದ್ರೆ ಅದೂ ಸಪ್ಪೆ, ಆರೇಳಕ್ಕೆ ನಿಲ್ಲಿಸಿ.

ಇನ್ನೂ ಓದ್ತಾ ಇರೋರನ್ನ 'ಹೇಗಿತ್ತು' ಅಂತ ಕೇಳಬೇಡಿ, 'ಚೆನ್ನಾಗಿತ್ತು' ಅಂತಲೇ ಬರುತ್ತೆ. ಯಾವುದನ್ನ ಬೇರೆಯವರಿಗೆ ಓದಿ ಹೇಳಿದ್ರಿ, ಎಲ್ಲಿ ಪುಸ್ತಕ ಕೆಳಗಿಟ್ರಿ, ಇವೆರಡೇ ಕೇಳಿ. ಬೆನ್ನುಡಿಗೆ ಓದುಗರ ಮಾತು ಹಾಕೋದಾದ್ರೆ ನಾನು ಆ 'ತಲೆ ಚಚ್ಚಿಕೊಂಡು ನಕ್ಕೆ, ಆಮೇಲೆ ನನ್ನ ಬಗ್ಗೆಯೇ ಅನುಮಾನ ಬಂತು' ಅನ್ನೋದನ್ನ ಆರಿಸ್ತೀನಿ. ಬರೆದವರ ಒಪ್ಪಿಗೆ ಒಂದು ಮೆಸೇಜಲ್ಲಿ ತಗೊಂಡು ಇಟ್ಕೊಳ್ಳಿ. ಆ ನಾಲ್ಕು ಕಾಲಂ ಹಾಳೆ ಫೋಟೋ ತೆಗೆದು ಕಳಿಸಿ, ಅನುಕ್ರಮ ಕೂತು ಮಾಡೋಣ.