ಚದುರಂಗದಲ್ಲಿ ಮೊದಲ ನಡೆಯಾಗಿ ಬಿ3 ಆಡಬೇಕೇ, ಬೇಡವೇ?

ದೊಡ್ಡಪ್ಪ (ಮಂಡ್ಯ): ನಮ್ಮ ಗುಂಪಿನಲ್ಲಿ ಹಾಕಿರುವ ಈ ಹಳೆಯ ಚದುರಂಗದಾಟವನ್ನು ಎಲ್ಲರೂ ನೋಡಿ. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ಒಕ್ಕೂಟಕ್ಕೂ ಉಳಿದ ಜಗತ್ತಿನ ತಂಡಕ್ಕೂ ನಡೆದ ಪಂದ್ಯದಲ್ಲಿ ಡೆನ್ಮಾರ್ಕಿನ ಬೆಂಟ್ ಲಾರ್ಸೆನ್ ಮೊದಲ ನಡೆಯಾಗಿ ಬಿ3 ಆಡಿದರು, ಅಂದರೆ ಬಿ ಸಾಲಿನ ಕಾಲಾಳನ್ನು ಒಂದೇ ಮನೆ ಮುಂದಿಟ್ಟರು. ಕಪ್ಪು ಕಾಯಿಗಳಿಂದ ಆಡಿದ ಸೋವಿಯತ್ ತಂಡದ ಆಗಿನ ವಿಶ್ವ ಚಾಂಪಿಯನ್ ಸ್ಪಾಸ್ಕಿ 17 ನಡೆಗಳಲ್ಲಿ ಗೆದ್ದು ಆಟ ಮುಗಿಸಿದರು. ಭಾನುವಾರ ಮೈಸೂರಿನ ಟೂರ್ನಿಯಲ್ಲಿ ನಮ್ಮ ಹುಡುಗನೂ ಬಿ3 ಆಡಿಯೇ ಸೋತಿದ್ದಾನೆ. ನಡುವಿನ ಮನೆಗಳನ್ನು ಎದುರಾಳಿಗೆ ಬಿಟ್ಟುಕೊಡುವ ಈ ಪದ್ಧತಿಯನ್ನು ಅವನು ಇನ್ನು ಕೈಬಿಡಲಿ.

ನಾನು: ದೊಡ್ಡಪ್ಪ, ದಯವಿಟ್ಟು ಆಟವನ್ನು ಒಂದೊಂದೇ ನಡೆಯಾಗಿ ನೋಡಿ. ಲಾರ್ಸೆನ್ನರನ್ನು ಸೋಲಿಸಿದ್ದು ಬಿ3 ಅಲ್ಲ. ಕಪ್ಪು ಕಾಲಾಳು ಇ4ಕ್ಕೆ ಬಂದು ಅಟ್ಟಿದಾಗ ಅವರ ಕುದುರೆ ಡಿ4ಕ್ಕೆ ಹೋಯಿತು, ಮರುನಡೆಯಲ್ಲೇ ಸಿ6ರ ಕುದುರೆಯನ್ನು ಹೊಡೆದು ತಾನೂ ಹೊರಬಿದ್ದಿತು. ಹೀಗೆ ಒಂದೇ ಕುದುರೆಗೆ ಮೂರು ನಡೆ ವೆಚ್ಚವಾಗಿ, ಅದನ್ನು ಡಿ ಕಾಲಾಳಿನಿಂದ ಹೊಡೆದ ಸ್ಪಾಸ್ಕಿಯವರಿಗೆ ಒಂಟೆಯ ದಾರಿಯೂ ಆನೆಯ ದಾರಿಯೂ ಒಟ್ಟಿಗೆ ತೆರೆದವು. ಇಷ್ಟಾದ ಮೇಲೂ ರಾಜನನ್ನು ಭದ್ರಪಡಿಸದೆ ಹತ್ತನೆಯ ನಡೆಯಲ್ಲಿ ಲಾರ್ಸೆನ್ ಎಫ್ ಕಾಲಾಳನ್ನು ಎಫ್4ಕ್ಕೆ ತಳ್ಳಿದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಕುದುರೆಯನ್ನು ಬಲಿಕೊಟ್ಟು, ಆನೆಯನ್ನು ಎಚ್1ಕ್ಕೆ ತಂದು ಅದನ್ನೂ ಬಿಟ್ಟುಕೊಟ್ಟು, ಜಿ ಕಾಲಾಳನ್ನು ಕೊನೆಯ ಸಾಲಿಗೆ ತಲುಪಿಸಿದ ಸ್ಪಾಸ್ಕಿಯವರ ಆಟ ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ.

ಅತ್ತೆ (ಕುವೆಂಪುನಗರ): ಇನ್ನೊಂದು ವಿಷಯವನ್ನೂ ಸೇರಿಸಬೇಕು. ಮರುಸುತ್ತಿನಲ್ಲೇ ಲಾರ್ಸೆನ್ ಅದೇ ಸ್ಪಾಸ್ಕಿಯವರನ್ನು ಸೋಲಿಸಿದರು. 1924ರಲ್ಲಿ ನ್ಯೂಯಾರ್ಕಿನ ಟೂರ್ನಿಯಲ್ಲಿ ರಿಚರ್ಡ್ ರೇಟಿ ಎಂಬ ಆಟಗಾರ ಮೊದಲು ಕುದುರೆಯನ್ನು ಎಫ್3ಕ್ಕೆ ತಂದು, ಬಳಿಕ ಸಿ4, ಬಿ4 ಆಡಿ, ಎಂಟು ವರ್ಷ ಸೋಲನ್ನೇ ಕಾಣದಿದ್ದ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಮಣಿಸಿದ್ದೂ ಇಂಥ ಆರಂಭದಿಂದಲೇ. ನಡುವನ್ನು ದೂರದಿಂದ ಒಂಟೆಗಳ ಮೂಲಕ ಹಿಡಿದಿಡುವುದು ಬಿಟ್ಟುಕೊಡುವುದಾಗಲಾರದು.

ದೊಡ್ಡಪ್ಪ: ರೇಟಿಯವರ ವಿಷಯವನ್ನು ಒಪ್ಪುತ್ತೇನಮ್ಮ. ಆದರೆ ಅವರಿಗೆ ಯಾವಾಗ ನಡುವಿನ ಮೇಲೆ ಏರಿಹೋಗಬೇಕೆಂಬುದು ಗೊತ್ತಿತ್ತು. ಆರನೇ ತರಗತಿಯ ಮಗು ಮೊದಲು ಇ4 ಆಡಿ (ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟು), ಬೇಗ ಕ್ಯಾಸ್ಲಿಂಗ್ (ರಾಜನನ್ನು ಬದಿಗೆ ಸರಿಸಿ ಆನೆಯ ರಕ್ಷಣೆಯಲ್ಲಿಡುವುದು) ಮಾಡುವುದನ್ನು ರೂಢಿಸಿಕೊಳ್ಳಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾನು: ಕ್ಯಾಸ್ಲಿಂಗ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ, ಆದರೆ ಅದು ಬಿ3 ಆಡಿದವರಿಗೂ ಅಷ್ಟೇ ಅನ್ವಯಿಸುತ್ತದೆ. ಅವನ ನಡೆಗಳ ಹಾಳೆಯನ್ನು ಸಂಜೆ ಇಲ್ಲಿಗೆ ಹಾಕುತ್ತೇನೆ. ಅವನ ರಾಜ ಎಷ್ಟನೆಯ ನಡೆಯವರೆಗೆ ಆರಂಭದ ಮನೆಯಾದ ಇ1ರಲ್ಲೇ ಉಳಿದಿದ್ದ ಎಂಬುದನ್ನು ನೀವೇ ನೋಡಿ ಹೇಳಿ. ಅಲ್ಲಿಯವರೆಗೆ ಅವನಿಗೆ ಬಿ3 ಬಿಡು ಎಂದು ಯಾರೂ ಹೇಳುವುದು ಬೇಡ.