ಶಿಕಾಗೊದ ಕಬ್ಸ್, ವೈಟ್ ಸಾಕ್ಸ್: ಹೋಲಿಕೆ ಲೆಕ್ಕ ಎಲ್ಲಿ ತಪ್ತಿದೆ?

ಸರಸ್ವತಿಪುರಂ ಸ್ಕೋರರ್:
ನಮಸ್ಕಾರ. ಶಿಕಾಗೊದ ಎರಡೂ ಬೇಸ್‌ಬಾಲ್ ತಂಡಗಳನ್ನ ಎಕ್ಸೆಲ್ ಹಾಳೆಯಲ್ಲಿ ಪಕ್ಕಪಕ್ಕ ಇಟ್ಟು ಹೋಲಿಸ್ತಿದ್ದೀನಿ. 6.2 ಇನಿಂಗ್ಸಿಗೆ 3 ರನ್ ಕೊಟ್ಟ ಪಿಚರ್‌ನ (ಬಾಲ್ ಎಸೆಯೋನ) ಇಆರ್‌ಎ, ಅಂದ್ರೆ 9 ಇನಿಂಗ್ಸಿಗೆ ಸರಾಸರಿ ಕೊಟ್ಟ ರನ್, ನನ್ನ ಹಾಳೆಯಲ್ಲಿ 4.35, ಅಧಿಕೃತ ಪಟ್ಟಿಯಲ್ಲಿ 4.05. ಯಾಕೆ? ಇನ್ನೊಂದು, 2024ರಲ್ಲಿ ಕಬ್ಸ್ 83 ಗೆದ್ದು 79 ಸೋತಿದೆ, ವೈಟ್ ಸಾಕ್ಸ್ 41 ಗೆದ್ದು 121 ಸೋತಿದೆ. ಸಾಕ್ಸ್ 42 ಪಂದ್ಯ ಹಿಂದೆ ಅಂತ ಬರೆದರೆ ಸರಿನಾ? ಕಬ್ಸ್ ಮೈದಾನ ರಿಗ್ಲಿ ಫೀಲ್ಡ್‌ನ ಹೋಮ್ ರನ್ನಿಗೂ (ನಮ್ಮ ಸಿಕ್ಸರ್ ಥರ ಗೋಡೆ ದಾಟೋ ಹೊಡೆತ) ಸಾಕ್ಸ್ ಮೈದಾನದ ಹೋಮ್ ರನ್ನಿಗೂ ಒಂದೇ ತೂಕನಾ? ಹಾಗೇ ಮೈಸೂರಲ್ಲಿ ಕೂತು ಲೈವ್ ನೋಡೋಕೆ ಯಾರ ಪಂದ್ಯ ಅನುಕೂಲ, ಅದನ್ನೂ ಹೇಳಿ.

ಮಂಡ್ಯ ಪೆವಿಲಿಯನ್:
ಇಆರ್‌ಎ ತಪ್ಪಿರೋದು ಚುಕ್ಕಿಯಿಂದ ಸಾರ್. ಅದು ದಶಮಾಂಶ ಅಲ್ಲ, ನಮ್ಮ ಓವರ್ ಚುಕ್ಕಿ ಥರದ್ದು. 19.4 ಓವರ್ ಅಂದ್ರೆ 19 ಓವರ್, 4 ಬಾಲ್. 6.2 ಇನಿಂಗ್ಸ್ ಅಂದ್ರೆ 6 ಇನಿಂಗ್ಸ್, ಮೇಲೆ 2 ಔಟ್. ಇನಿಂಗ್ಸಿಗೆ 3 ಔಟ್, ಹಾಗಾಗಿ ಒಟ್ಟು 20 ಔಟ್. ಚುಕ್ಕಿಯ ಎಡಗಡೆ ಅಂಕಿಯನ್ನ 3ರಿಂದ ಗುಣಿಸಿ, ಬಲಗಡೆಯದನ್ನ ಕೂಡಿಸಿ, ‘ಔಟ್’ ಅಂತಲೇ ಒಂದು ಕಾಲಂ ಮಾಡ್ಕೊಳ್ಳಿ. ಆಮೇಲೆ ರನ್ × 27 (9 ಇನಿಂಗ್ಸಿನ ಔಟ್) ÷ ಔಟ್. 81 ÷ 20 = 4.05, ಮುಗೀತು.

ಕೂಡೋವಾಗಲೂ ಇದೇ ಗುಂಡಿ. 6.2ಕ್ಕೆ 5.2 ಸೇರಿಸಿದ್ರೆ ಎಕ್ಸೆಲ್ 11.4 ಅನ್ನುತ್ತೆ; ನಿಜಕ್ಕೂ 20 + 17 = 37 ಔಟ್, ಅಂದ್ರೆ 12.1.

ಕುವೆಂಪುನಗರ:
42ರ ಲೆಕ್ಕ ಸರಿ, ಆದರೆ ಅರ್ಥ ಇಲ್ಲ. (ಗೆಲುವಿನ ಅಂತರ + ಸೋಲಿನ ಅಂತರ) ÷ 2, ಅಂದ್ರೆ (42 + 42) ÷ 2. ‘ಇಷ್ಟು ಪಂದ್ಯ ಹಿಂದೆ’ ಅನ್ನೋ ಮಾತು ಒಂದೇ ಕೋಷ್ಟಕದಲ್ಲಿರೋ ತಂಡಗಳಿಗೆ. ಕಬ್ಸ್ ಇರೋದು ನ್ಯಾಷನಲ್ ಲೀಗ್ ಸೆಂಟ್ರಲ್‌ನಲ್ಲಿ, ಸಾಕ್ಸ್ ಅಮೆರಿಕನ್ ಲೀಗ್ ಸೆಂಟ್ರಲ್‌ನಲ್ಲಿ. ಊರು ಒಂದೇ ಆದರೂ ಪೈಪೋಟಿ ಬೇರೆ ಬೇರೆಯವರ ಜೊತೆ. ಲೀಗ್ ಹಂತದಲ್ಲಿ ಇವರಿಬ್ಬರ ಮುಖಾಮುಖಿ ಶುರುವಾಗಿದ್ದೇ 1997ರಲ್ಲಿ. ಅದಕ್ಕೂ ಮುಂಚೆ ಪ್ರಶಸ್ತಿಗೆ ಎದುರುಬದುರಾಗಿದ್ದು ಒಂದೇ ಸಲ, 1906ರ ವರ್ಲ್ಡ್ ಸೀರೀಸ್ (ಎರಡೂ ಲೀಗ್ ಗೆದ್ದವರ ಫೈನಲ್). 116 ಪಂದ್ಯ ಗೆದ್ದು ಬಂದಿದ್ದ ಕಬ್ಸ್‌ಗೆ ಸಾಕ್ಸ್ 4–2ರಲ್ಲಿ ಮಣ್ಣು ಮುಕ್ಕಿಸಿತು. ಗೆಲುವಿನ ಪಟ್ಟಿ ನೋಡಿ ಹೋಲಿಸೋರಿಗೆ ಅದೇ ಉತ್ತರ.

ಬಲ ಅಳೀಬೇಕು ಅಂದ್ರೆ ರನ್ ಹಿಡ್ಕೊಳ್ಳಿ. ಹೊಡೆದ ರನ್ನಿನ ವರ್ಗವನ್ನ, ಹೊಡೆದದ್ದರ ವರ್ಗ ಮತ್ತು ಕೊಟ್ಟದ್ದರ ವರ್ಗ ಎರಡರ ಮೊತ್ತದಿಂದ ಭಾಗಿಸಿ. ಉದಾಹರಣೆಗೆ 700 ಹೊಡೆದು 650 ಕೊಟ್ಟ ತಂಡಕ್ಕೆ 0.537, ಸೀಸನ್ನಿನ 162 ಪಂದ್ಯದಿಂದ ಗುಣಿಸಿದರೆ 87 ಗೆಲುವು. ತಂಡ ನಿಜವಾಗಿ 94 ಗೆದ್ದಿದ್ದರೆ ಒಂದು ರನ್ನಿನ ಪಂದ್ಯಗಳಲ್ಲಿ ಅದೃಷ್ಟ ಕುದುರಿರುತ್ತೆ, ಮುಂದಿನ ವರ್ಷಕ್ಕೆ ಅದನ್ನ ನಂಬೋ ಹಾಗಿಲ್ಲ.

ಹಳೇ ಇಆರ್‌ಎ ಹೋಲಿಸೋದಾದ್ರೆ ಒಂದು ಎಚ್ಚರಿಕೆ. ಸಾಕ್ಸ್ ಲೀಗ್‌ನಲ್ಲಿ ಪಿಚರ್ ಬದಲು ಬ್ಯಾಟ್ ಬೀಸೋ ಆಟಗಾರ 1973ರಿಂದಲೇ ಇದ್ದ. ಕಬ್ಸ್ ಲೀಗ್‌ಗೆ ಅದು ಖಾಯಂ ಆಗಿದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಕಬ್ಸ್ ಪಿಚರ್‌ಗಳಿಗೆ ಒಂಬತ್ತರಲ್ಲಿ ಒಬ್ಬ ಬ್ಯಾಟರ್, ಅಂದ್ರೆ ಎದುರಾಳಿ ಪಿಚರ್, ಹೆಚ್ಚುಕಮ್ಮಿ ಪುಕ್ಕಟೆ.

ಪಾಂಡವಪುರ:
ಗಾಳಿ ನೋಡದೆ ರಿಗ್ಲಿ ಸ್ಕೋರ್ ನಂಬಬ್ಯಾಡಿ ಕಣಣ್ಣ. ಬ್ಯಾಟರ್ ಮುಖ ಈಶಾನ್ಯಕ್ಕೆ, ಮಿಷಿಗನ್ ಸರೋವರ ಪೂರ್ವಕ್ಕೆ. ಸರೋವರದ ಕಡೆಯಿಂದ ಬೀಸಿದ್ರೆ ಬಾಲು ಗೋಡೆ ಮುಂದೆ ಬಿದ್ದು ಕ್ಯಾಚು. ನೈಋತ್ಯದ ಗಾಳಿ ಆದ್ರೆ ಅದೇ ಹೊಡೆತ ಬೀದಿಗೆ. 1979ರ ಮೇ 17ರಂದು ಫಿಲಡೆಲ್ಫಿಯಾ ಅಲ್ಲಿ 23–22ರಲ್ಲಿ ಗೆದ್ದದ್ದು ಇಂಥ ಗಾಳೀಲೇ.

ಅಂಚಿನ ಕಂಬಕ್ಕೆ ರಿಗ್ಲೀಲಿ ಎಡಕ್ಕೆ 355 ಅಡಿ, ಬಲಕ್ಕೆ 353. ಸಾಕ್ಸ್ ಮೈದಾನದಲ್ಲಿ 330, 335. ಎರಡರಲ್ಲೂ ನಡುಮಧ್ಯ 400. ಹಂಗಂತ ರಿಗ್ಲಿ ದೊಡ್ಡದು ಅನ್ಕೋಬೇಡಿ, ಕಂಬ ದಾಟ್ತಿದ್ದಂಗೆ ಗೋಡೆ ಒಳಕ್ಕೆ ಬಳುಕುತ್ತೆ, ಕಂಬಕ್ಕೂ ನಡುಮಧ್ಯಕ್ಕೂ ನಡುವಿನ ಓರೆಯಲ್ಲಿ ಬರೀ 368. ಕ್ರಿಕೆಟ್ ಬೌಂಡರಿ ಹಗ್ಗ ಹೆಚ್ಚೂ ಅಂದ್ರೆ 270 ಅಡಿ, ಅದಕ್ಕೆ ನೋಡ್ಕೊಳ್ಳಿ.

ಇನ್ನು ಆ ಇಟ್ಟಿಗೆ ಗೋಡೆ ಮೇಲಿನ ಬಳ್ಳಿ, 1937ರಲ್ಲಿ ನೆಟ್ಟದ್ದು. ಬಾಲ್ ಅದರೊಳಗೆ ಸಿಕ್ಕೊಂಡ್ರೆ ಫೀಲ್ಡರ್ ಎರಡೂ ಕೈ ಮೇಲೆತ್ತಬೇಕು; ಅಂಪೈರ್ ಎರಡು ಬೇಸ್ ಕೊಟ್ಟು ನಿಲ್ಲಿಸ್ತಾನೆ. ಕೈ ಎತ್ತದೆ ಎಲೆ ಒಳಗೆ ತಡಕಾಡೋಕೆ ಹೋದ್ರೆ ಆಟ ನಡೀತಾನೇ ಇರುತ್ತೆ, ಓಡೋನು ಓಡ್ತಾನೆ. ಏಪ್ರಿಲ್‌ನಲ್ಲಿ ಬಳ್ಳಿ ಬೋಳು, ಆಗ ಬಾಲ್ ಇಟ್ಟಿಗೆಗೆ ಬಡಿದು ವಾಪಸ್ ಬರುತ್ತೆ.

ಟೈಮಿಗೆ ಹತ್ತೂವರೆ ಗಂಟೆ ಕೂಡಿಸಿ, ಸೀಸನ್ ಪೂರ್ತಿ ಅಷ್ಟೇ. ರಿಗ್ಲಿಯ ಮಧ್ಯಾಹ್ನ 1.20ರ ಆಟ ನಮಗೆ ರಾತ್ರಿ 11.50. ಸಾಕ್ಸ್ ಸಂಜೆ 6.40ಕ್ಕೆ ಶುರು ಮಾಡಿದ್ರೆ ನಮಗೆ ಮಾರನೇ ಬೆಳಿಗ್ಗೆ 5.10, ಕಾಫಿ ಜೊತೆ. ರಿಗ್ಲೀಲಿ 1988ರವರೆಗೂ ದೀಪಾನೇ ಇರಲಿಲ್ಲ, ಹಗಲಾಟದ ಚಾಳಿ ಇನ್ನೂ ಪೂರ್ತಿ ಬಿಟ್ಟಿಲ್ಲ. ನಿದ್ದೆಗೆಡೋರಿಗೆ ಕಬ್ಸ್, ಬೇಗ ಏಳೋರಿಗೆ ಸಾಕ್ಸ್.

ಸರಸ್ವತಿಪುರಂ ಸ್ಕೋರರ್:
ಔಟ್ ಕಾಲಂ ಹಾಕಿದೆ, 4.05 ಬಂತು. ಇನ್ನೊಬ್ಬನದು ಮಾತ್ರ ಹೊಂದ್ತಿಲ್ಲ. 5.0 ಇನಿಂಗ್ಸ್, 4 ರನ್. ನನಗೆ 7.20, ಪಟ್ಟಿಯಲ್ಲಿ 5.40.

ಮಂಡ್ಯ ಪೆವಿಲಿಯನ್:
ನೀವು ತಗೊಂಡಿರೋದು ಆರ್ (ಒಟ್ಟು ರನ್) ಕಾಲಂ ಸಾರ್, ಪಕ್ಕದ ಇಆರ್ (ಪಿಚರ್ ಲೆಕ್ಕಕ್ಕೆ ಸೇರೋ ರನ್) ತಗೊಳ್ಳಿ, ಅಲ್ಲಿ 3 ಇರುತ್ತೆ. ಫೀಲ್ಡರ್ ಎಡವಟ್ಟಿನಿಂದ ಬಂದ ರನ್ ಪಿಚರ್ ತಲೆಗೆ ಕಟ್ಟಲ್ಲ. ಹತ್ತನೇ ಇನಿಂಗ್ಸಿಂದ ಎರಡನೇ ಬೇಸಲ್ಲಿ ಸುಮ್ಮನೆ ತಂದು ನಿಲ್ಲಿಸೋ ಓಟಗಾರ ಹೋಮ್ ಪ್ಲೇಟ್ ಮುಟ್ಟಿ ರನ್ ಆದ್ರೂ ಅದು ಆರ್‌ಗೆ ಸೇರುತ್ತೆ, ಇಆರ್‌ಗೆ ಸೇರಲ್ಲ.