ಡ್ಯಾನ್ ನದಿಯ ಆಚೆ ದಡ: ಗ್ರೀನ್ ಸೇನೆಯ ಹಿಂದೆಗೆತದಲ್ಲಿ ಊರಕಾವಲಿನವರ ಪಾಲೆಷ್ಟು?

ಪ್ರಶ್ನೆ
ತುಂಗಾತೀರದ ಓದುಗ, ತೀರ್ಥಹಳ್ಳಿ

ಮಾನ್ಯರೆ,

ನಮ್ಮ ಊರಿನ ಓದುಬಳಗದಲ್ಲಿ ತಿಂಗಳಿಗೊಬ್ಬರು ಒಂದು ವಿಷಯದ ಮೇಲೆ ಮಾತನಾಡುವ ರೂಢಿಯಿದ್ದು, ಮುಂದಿನ ಸರದಿ ನನ್ನದಾಗಿದೆ. ಅಮೆರಿಕದ ಕ್ರಾಂತಿಯುದ್ಧದಲ್ಲಿ, 1781ರ ಜನವರಿ ಕೊನೆಯಿಂದ ಫೆಬ್ರುವರಿ ನಡುವಿನವರೆಗೆ, ಜನರಲ್ ನಥಾನಿಯಲ್ ಗ್ರೀನ್ ತನ್ನ ಸೇನೆಯನ್ನು ಉತ್ತರ ಕೆರೊಲಿನಾದ ಉದ್ದಕ್ಕೂ ಹಿಂದಕ್ಕೆ ನಡೆಸಿಕೊಂಡು ಹೋಗಿ ವರ್ಜೀನಿಯಾದ ಕಡೆಗೆ ಡ್ಯಾನ್ ನದಿ ದಾಟಿಸಿದ ಪ್ರಸಂಗವನ್ನು ನಾನು ಆರಿಸಿಕೊಂಡಿದ್ದೇನೆ. ಬೆನ್ನಟ್ಟಿ ಬಂದವನು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್.

ವಿಷಯ ತಿಳಿಸಿದ ಕೂಡಲೇ ಬಳಗದ ಹಿರಿಯರೊಬ್ಬರು ಅಡ್ಡಗಾಲು ಹಾಕಿದರು. ಕಾಲಿಗೆ ಬುದ್ಧಿ ಹೇಳಿದ್ದನ್ನೆಲ್ಲ ರಣತಂತ್ರವೆಂದು ಕರೆಯುತ್ತ ಹೋದರೆ ಲೋಕದಲ್ಲಿ ಸೋತವರೇ ಸಿಗುವುದಿಲ್ಲ, ಮಳೆ ಬಂದು ಹೊಳೆ ಏರಿದ್ದರಿಂದ ಗ್ರೀನ್ ಬದುಕಿಕೊಂಡನೇ ಹೊರತು ಅದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇಲ್ಲ ಎಂಬುದು ಅವರ ವಾದ. ರೈತರೇ ಸೇರಿ ಕಟ್ಟಿಕೊಂಡ ಮಿಲಿಷಿಯಾ ಎಂಬ ಪಡೆಯ ಕಾವಲುಗಾರರು ಹೊಳೆಯ ದಡಗಳಲ್ಲಿ ನಿಂತು ಸುದ್ದಿ ಮುಟ್ಟಿಸುತ್ತಿದ್ದರೆಂಬುದನ್ನೂ ಅವರು ಒಪ್ಪುವುದಿಲ್ಲ. ಕೋವಿ ಹಿಡಿಯಲು ಬಾರದವರನ್ನು ಆಮೇಲೆ ಬರೆದವರು ದೊಡ್ಡದು ಮಾಡಿದ್ದಾರೆ ಎನ್ನುತ್ತಾರೆ. ಅವರಿಗೆ ಕೊಡಬಹುದಾದ ಉತ್ತರವೇನು? ಜೊತೆಗೆ, ಮಿಲಿಷಿಯಾ ಎಂಬುದಕ್ಕೆ ನಮ್ಮ ಕಡೆ ಯಾವ ಮಾತನ್ನು ಬಳಸಿದರೆ ಸರಿಹೋದೀತೆಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1
ಹಳೆಯ ಮೇಷ್ಟರು, ಸಾಗರ

ನಿಮ್ಮ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ಏಕೆಂದರೆ ಹೊಳೆ ಏರಿದ್ದು ನಿಜ. ಆದರೆ ಮಳೆ ಇಬ್ಬರ ಮೇಲೂ ಸುರಿಯಿತು, ನೀರು ಇಬ್ಬರ ಎದುರಿಗೂ ಏರಿತು. ಒಬ್ಬನಿಗೆ ದೋಣಿ ಇತ್ತು, ಇನ್ನೊಬ್ಬನಿಗೆ ಇರಲಿಲ್ಲ. ಸಿಗಂದೂರಿನ ಸೇತುವೆ ಆಗುವ ಮೊದಲು ಅಂಬಾರಗೋಡ್ಲಿನ ದಡದಲ್ಲಿ ನಿಂತು, ಲಾಂಚು ಆಚೆ ದಡದಲ್ಲಿರುವುದನ್ನು ನೋಡುತ್ತ ಕಾದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ದೋಣಿಗಳು ತಾವಾಗಿ ಬಂದು ನಿಂತಿರಲಿಲ್ಲ. 1780ರ ಡಿಸೆಂಬರ್ ಮೊದಲ ವಾರದಲ್ಲಿ ಗ್ರೀನ್ ಷಾರ್ಲೆಟ್ ಎಂಬಲ್ಲಿ ಸೇನೆಯ ಹೊಣೆ ಹೊತ್ತುಕೊಂಡಾಗ ಅವನ ಕೈಗೆ ಸಿಕ್ಕಿದ್ದು ಬಟ್ಟೆಬರೆಯಿಲ್ಲದ, ಊಟಕ್ಕೂ ಪರದಾಡುತ್ತಿದ್ದ ಒಂದು ಗುಂಪು. ಯುದ್ಧದ ಮಾತೆತ್ತುವ ಮುನ್ನವೇ ಅವನು ಡ್ಯಾನ್, ಯಾಡ್ಕಿನ್ ಮತ್ತು ಕಟಾಬಾ ನದಿಗಳ ಆಳ, ಸೆಳವು, ದಾಟುವ ಜಾಗ ಮತ್ತು ಸಿಗಬಹುದಾದ ದೋಣಿಗಳನ್ನು ನೋಡಿಕೊಂಡು ಬರಲು ಎಡ್ವರ್ಡ್ ಕ್ಯಾರಿಂಗ್‌ಟನ್, ಕೊಸಿಯುಸ್ಕೊ ಮೊದಲಾದವರನ್ನು ಕಳುಹಿಸಿದ. ಗೆಲ್ಲುವ ಮೊದಲೇ ಹಿಂದೆ ಸರಿಯುವ ದಾರಿಯನ್ನು ಅಳತೆ ಮಾಡಿಟ್ಟುಕೊಂಡವನನ್ನು ಓಡಿಹೋದವನೆಂದು ಕರೆಯಲು ನನಗಂತೂ ಮನಸ್ಸಾಗುವುದಿಲ್ಲ.

1781ರ ಜನವರಿ 17ರಂದು ಕೌಪೆನ್ಸ್ ಎಂಬಲ್ಲಿ ಗ್ರೀನ್ ಕಡೆಯ ಡೇನಿಯಲ್ ಮಾರ್ಗನ್ ಬ್ರಿಟಿಷರ ಒಂದು ತುಕಡಿಯನ್ನು ಬಹುಮಟ್ಟಿಗೆ ಸೆರೆಹಿಡಿದ ಮೇಲೆ ಕಾರ್ನ್‌ವಾಲಿಸನಿಗೆ ರೋಷ ಉಕ್ಕಿತು. ವೇಗವಾಗಿ ನಡೆಯಬೇಕೆಂದು ಅವನು ರಾಮ್ಸರ್ಸ್ ಮಿಲ್ ಎಂಬಲ್ಲಿ ತನ್ನ ಗಾಡಿಗಳನ್ನು, ಗುಡಾರಗಳನ್ನು, ಸೈನಿಕರ ರಮ್ ಪೀಪಾಯಿಗಳನ್ನು ಸಹ ನಾಶಮಾಡಿಸಿದ. ಬೆನ್ನಟ್ಟುವವನು ತನ್ನ ಉಗ್ರಾಣವನ್ನೇ ಸುಟ್ಟುಕೊಂಡು ಹಗುರಾದ. ಹಿಂದೆ ಸರಿಯುವವನು ತನ್ನ ಉಗ್ರಾಣವಿದ್ದ ವರ್ಜೀನಿಯಾದ ಕಡೆಗೇ ನಡೆಯುತ್ತಿದ್ದ. ದಿನ ಕಳೆದಷ್ಟೂ ಗ್ರೀನ್ ಸೇನೆ ತನ್ನ ಅನ್ನಕ್ಕೆ ಹತ್ತಿರವಾಗುತ್ತಿತ್ತು, ಕಾರ್ನ್‌ವಾಲಿಸನದು ದೂರವಾಗುತ್ತಿತ್ತು. ಹಿರಿಯರ ಮುಂದೆ ನೀವು ಒಂದೇ ಮಾತು ಹೇಳುವುದಾದರೆ ಇದನ್ನು ಹೇಳಿ.

ಇನ್ನು ಕಾವಲಿನ ವಿಚಾರ. ಗ್ವಿಲ್‌ಫರ್ಡ್ ಕೋರ್ಟ್‌ಹೌಸಿನಿಂದ ಮುಂದಕ್ಕೆ ಗ್ರೀನ್ ಸುಮಾರು 700 ಜನರ ಒಂದು ಹಗುರ ಪಡೆಯನ್ನು ಓಥೊ ವಿಲಿಯಮ್ಸ್ ಎಂಬಾತನ ಕೈಗೆ ಕೊಟ್ಟು, ಮುಖ್ಯ ಸೇನೆಗೂ ಶತ್ರುವಿಗೂ ನಡುವೆ ಇರಿಸಿದ. ಈ ಪಡೆ ಮೇಲುಹೊಳೆಯ ದಾಟುಗಳ ಕಡೆಗೆ ಹೋಗುತ್ತಿರುವಂತೆ ತೋರಿಸಿಕೊಂಡಿತು. ಕೆಳಹೊಳೆಯ ಕಡವುಗಳಲ್ಲಿ ಸಾಕಷ್ಟು ದೋಣಿಗಳಿಲ್ಲವೆಂಬ ತಪ್ಪು ಸುದ್ದಿಯನ್ನು ನಂಬಿದ್ದ ಕಾರ್ನ್‌ವಾಲಿಸ್ ಅದರ ಬೆನ್ನು ಹತ್ತಿದ. ವಿಲಿಯಮ್ಸನ ಪಡೆಯಲ್ಲಿ ಪ್ರತಿ ರಾತ್ರಿ ಅರ್ಧದಷ್ಟು ಜನ ಕಾವಲಿಗೆ ನಿಲ್ಲಬೇಕಾಗಿದ್ದುದರಿಂದ ಒಬ್ಬೊಬ್ಬನಿಗೆ 48 ಗಂಟೆಗಳಲ್ಲಿ ಸಿಗುತ್ತಿದ್ದುದು 6 ಗಂಟೆಗಳ ನಿದ್ದೆ, ದಿನಕ್ಕೆ ಒಂದು ಹೊತ್ತಿನ ಊಟ. ಫೆಬ್ರುವರಿ 14ರಂದು ಮುಖ್ಯ ಸೇನೆ ದಾಟಿತೆಂಬ ಚೀಟಿ ತಲುಪಿದಾಗ ಆ ಪಡೆ ಹಾಕಿದ ಜಯಘೋಷ ಬೆನ್ನಟ್ಟುತ್ತಿದ್ದ ಬ್ರಿಟಿಷರ ಮುಂಚೂಣಿಯವರಿಗೂ ಕೇಳಿಸಿತಂತೆ. ಅಂದು ಕತ್ತಲಾದ ಮೇಲೆ ಕೊನೆಯ ಕುದುರೆಸವಾರರೂ ಕುದುರೆಗಳನ್ನು ಈಜಿಸಿ ದಾಟಿಕೊಂಡರು. ಬ್ರಿಟಿಷರು ಬಂದು ನೋಡಿದಾಗ ಈಚೆ ದಡದಲ್ಲಿ ಒಂದು ದೋಣಿಯೂ ಉಳಿದಿರಲಿಲ್ಲ.

ಉತ್ತರ 2
ಕಾನಂಚಿನ ಗದ್ದೆ, ಹೊಸನಗರ

ಮೇಷ್ಟರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅವರು ಹೇಳಿದ ವಿಲಿಯಮ್ಸನ ಪಡೆಯ ತಿರುಳು ಪಳಗಿದ ಸೈನಿಕರದು. ಪ್ರಶ್ನೆ ಕೇಳಿದವರು ಕೇಳಿದ್ದು ಊರಿನವರ ಬಗ್ಗೆ. ಊರಿನವರ ಕತೆ ಅಷ್ಟು ಚೊಕ್ಕಟವಾಗಿಲ್ಲ ಎಂಬುದನ್ನೂ ಹೇಳದಿದ್ದರೆ ನಿಮ್ಮ ಹಿರಿಯರು ಸಭೆಯಲ್ಲಿ ಎದ್ದುನಿಂತು ಹೇಳಿಯಾರು.

ಕಟಾಬಾ ನದಿಯ ಕೌವನ್ಸ್ ಫೋರ್ಡ್ ಎಂಬಲ್ಲಿ ಫೆಬ್ರುವರಿ 1ರ ನಸುಕಿನಲ್ಲಿ ನಡೆದದ್ದನ್ನೇ ನೋಡಿ. ಕಾವಲಿನ ಹೊಣೆ ಹೊತ್ತಿದ್ದವನು ಆ ಸೀಮೆಯವನೇ ಆದ ವಿಲಿಯಮ್ ಡೇವಿಡ್ಸನ್. ಅಲ್ಲಿ ಹೊಳೆ ದಾಟಲು ಎರಡು ದಾರಿಗಳಿದ್ದವು: ಆಳವಾದರೂ ನೇರವಾದ ಗಾಡಿದಾರಿ, ಓರೆಯಾಗಿ ಹೋಗುವ ತೆಳುನೀರಿನ ಕುದುರೆದಾರಿ. ಬುದ್ಧಿಯಿದ್ದವನು ತೆಳುನೀರಿನಲ್ಲೇ ಬರುತ್ತಾನೆಂದು ಲೆಕ್ಕ ಹಾಕಿ ಡೇವಿಡ್ಸನ್ ಹೆಚ್ಚು ಜನರನ್ನು ಕುದುರೆದಾರಿಯ ಬಾಯಿಗೆ ನಿಲ್ಲಿಸಿದ. ಬ್ರಿಟಿಷರಿಗೆ ದಾರಿ ತೋರಿಸುತ್ತಿದ್ದವನು ನಡುಹೊಳೆಯಲ್ಲಿ ಕೈಬಿಟ್ಟು ಹೋದ. ಅವರು ದಾರಿ ತಿಳಿಯದೆ ನೇರವಾಗಿ ಗಾಡಿದಾರಿಯಲ್ಲೇ, ಎದೆಮಟ್ಟದ ಸೆಳವಿನಲ್ಲಿ ಬಂದು, ಕಾವಲು ಕಡಿಮೆಯಿದ್ದ ಕಡೆಗೇ ಏರಿದರು. ಸದ್ದು ಕೇಳಿ ಓಡಿಬಂದ ಡೇವಿಡ್ಸನ್ ಗುಂಡು ತಗುಲಿ ಅಲ್ಲೇ ಸತ್ತ, ಅವನ ಜನ ಚದುರಿದರು, ಮತ್ತು ಅವರು ಬಂದು ಕೂಡಿಕೊಳ್ಳುತ್ತಾರೆಂದು ಗ್ರೀನ್ ಅಂದು ನಡುರಾತ್ರಿಯವರೆಗೆ ಕಾದದ್ದು ವ್ಯರ್ಥವಾಯಿತು.

ನಾವು ತೆನೆ ಬಂದ ಮೇಲೆ ಗದ್ದೆಗೆ ಮಾಳ ಕಟ್ಟಿ ರಾತ್ರಿ ಕಾಯುವವರು. ಸೂಡಿ ಹಚ್ಚಿಟ್ಟುಕೊಂಡು, ತಗಡಿನ ಡಬ್ಬ ಬಡಿಯುತ್ತ, ಒಂದು ಮಾಳದವನು ಕೂ ಹಾಕಿದರೆ ಮುಂದಿನವನು ಕೂ ಹಾಕಬೇಕು. ಮರುಕೂ ಬರಲಿಲ್ಲವೆಂದರೆ ಅವನು ನಿದ್ದೆ ಹೋಗಿದ್ದಾನೆಂದು ತಿಳಿಯುತ್ತದೆ. ನಾನು ಚಿಕ್ಕವನಿದ್ದಾಗ ಒಂದು ವರ್ಷ ಮೂರು ದಿಕ್ಕಿಗೆ ಮಾಳ ಹಾಕಿ, ಹಳ್ಳ ತುಂಬಿ ಹರಿಯುತ್ತಿದೆಯಲ್ಲ, ಆ ಕಡೆಯಿಂದ ಏನು ಬಂದೀತು ಎಂದು ನಾಲ್ಕನೆಯದನ್ನು ಬಿಟ್ಟಿದ್ದೆವು. ಹಂದಿಗಳ ಹಿಂಡು ಹಳ್ಳ ಈಜಿಕೊಂಡೇ ಬಂದಿತ್ತು. ಬೆಳಿಗ್ಗೆ ಅಪ್ಪಯ್ಯ ತುಳಿದುಹೋದ ಸಸಿಗಳ ನಡುವೆ ನಿಂತು ಯಾರನ್ನೂ ಬೈಯಲಿಲ್ಲ, ಹಳ್ಳದ ಬದಿಯಲ್ಲಿ ಕಂಬ ನೆಡಲು ಗುಂಡಿ ತೋಡತೊಡಗಿದರು.

ಇದೇ ಯುದ್ಧದಲ್ಲಿ 1776ರ ಆಗಸ್ಟ್ 26ರ ರಾತ್ರಿ ಲಾಂಗ್ ಐಲೆಂಡಿನಲ್ಲಿ ಆದದ್ದೂ ಅದೇ. ಗುಡ್ಡಸಾಲಿನ ಮೂರು ಕಣಿವೆಗಳಿಗೆ ಬಲವಾದ ಕಾವಲು ಹಾಕಿ, ದೂರದ ಜಮೈಕಾ ಕಣಿವೆಗೆ ಐವರು ಸವಾರರನ್ನು ಮಾತ್ರ ಬಿಟ್ಟಿದ್ದರು. ಸುಮಾರು 10,000 ಬ್ರಿಟಿಷರು ಸುತ್ತುಬಳಸಿ ಆ ದಾರಿಯಲ್ಲೇ ಬಂದು, ಆ ಐವರನ್ನೂ ಒಂದು ಗುಂಡಿನ ಸದ್ದೂ ಇಲ್ಲದೆ ಹಿಡಿದರು. ಮರುದಿನದ ಸೋಲಿಗೆ ಅದೇ ಕಾರಣ. ಎರಡು ದಿನ ಬಿಟ್ಟು ವಾಷಿಂಗ್ಟನ್ ಒಲೆಗಳನ್ನು ಉರಿಯಲು ಬಿಟ್ಟು, ಗಾಡಿಗಳ ಚಕ್ರಕ್ಕೆ ಬಟ್ಟೆ ಸುತ್ತಿಸಿ, ಸುಮಾರು 9,000 ಜನರನ್ನು ಒಂದೇ ರಾತ್ರಿ ನದಿ ದಾಟಿಸಿದ್ದು ದೊಡ್ಡ ಹಿಂದೆಗೆತವೆಂದು ಹೆಸರಾಗಿದೆ. ಬೆಳಗಿನ ಮಂಜು ಕೊನೆಯ ದೋಣಿಗಳನ್ನು ಮರೆಮಾಡಿತು. ಆಗ ಕಾಣದೆ ಹೋದದ್ದು ಬ್ರಿಟಿಷ್ ಕಾವಲಿನವರಿಗೆ.

ಹಾಗಾದರೆ ಊರಿನವರ ಉಪಯೋಗವೇನು ಎಂದರೆ, ಕೌವನ್ಸ್ ಫೋರ್ಡಿನಲ್ಲಿ ತಡೆಯಲಾಗದಿದ್ದರೂ ಅವರು ಹೊಳೆಯ ಹಲವು ದಾಟುಗಳಲ್ಲಿ ಹರಡಿ ನಿಂತಿದ್ದರಿಂದ ಕಾರ್ನ್‌ವಾಲಿಸ್ ಹಗಲಿನಲ್ಲಿ ನಿರಾಳವಾಗಿ ದಾಟದೆ, ಇರುಳಿನಲ್ಲಿ ಸೈನಿಕರನ್ನೂ ಕುದುರೆಗಳನ್ನೂ ಕಳೆದುಕೊಳ್ಳುತ್ತ ದಾಟಬೇಕಾಯಿತು. ಅಷ್ಟರಲ್ಲಿ ಮಾರ್ಗನ್ನನ ಪಡೆ ಯಾಡ್ಕಿನ್ ಕಡೆಗೆ ಸಾಕಷ್ಟು ಮುಂದೆ ಹೋಗಿತ್ತು. ತಡೆಯುವವನ ಕೆಲಸ ಬೇರೆ, ತಡಮಾಡಿಸುವವನ ಕೆಲಸ ಬೇರೆ.

ಉತ್ತರ 3
ಹಳೇ ನಕಾಶೆ, ಶಿವಮೊಗ್ಗ

ಇಬ್ಬರೂ ಕಾರ್ನ್‌ವಾಲಿಸನನ್ನು ಡ್ಯಾನ್ ನದಿಯ ದಡದಲ್ಲೇ ಬಿಟ್ಟಿದ್ದಾರೆ. ಅವನು ಅಲ್ಲಿಂದ ಮುಂದೆ ಮಾರ್ಚ್ 15ರಂದು ಗ್ವಿಲ್‌ಫರ್ಡ್ ಕೋರ್ಟ್‌ಹೌಸಿನಲ್ಲಿ ರಣಭೂಮಿಯನ್ನು ಗೆದ್ದು, ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಜನರನ್ನು ಕಳೆದುಕೊಂಡು, ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಶರಣಾದ. ಹತ್ತು ವರ್ಷ ತುಂಬುವುದರೊಳಗೆ ಅದೇ ಮನುಷ್ಯ ಗವರ್ನರ್ ಜನರಲ್ ಆಗಿ ನಮ್ಮ ಶ್ರೀರಂಗಪಟ್ಟಣದ ಮುಂದೆ ನಿಂತಿದ್ದ. ತೀರ್ಥಹಳ್ಳಿಯ ಕೇಳುಗರಿಗೆ ಈ ಎಳೆ ಹೆಚ್ಚು ಹಿಡಿಸೀತೆಂದು ಬರೆಯುತ್ತಿದ್ದೇನೆ.

1791ರ ಮೇ ತಿಂಗಳಲ್ಲಿ ಅವನು ಅರಕೆರೆಯ ಹತ್ತಿರ ಟಿಪ್ಪುವಿನ ಸೇನೆಯನ್ನು ಹಿಂದಕ್ಕೆ ತಳ್ಳಿದರೂ ಕೋಟೆಗೆ ಮುತ್ತಿಗೆ ಹಾಕಲು ಆಗಲಿಲ್ಲ. ದವಸ ಮುಗಿದಿತ್ತು, ಮಳೆ ಹಿಡಿದಿತ್ತು, ಫಿರಂಗಿ ಎಳೆಯುವ ಎತ್ತುಗಳು ರೋಗದಿಂದ ಸಾಲುಸಾಲಾಗಿ ಸತ್ತಿದ್ದವು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಬೆಂಗಳೂರಿನ ಕಡೆಗೆ ಹೊರಟ. ಹೊರಟ ಸ್ವಲ್ಪದರಲ್ಲೇ ಎದುರಿಗೆ ಕುದುರೆಸವಾರರು ಕಾಣಿಸಿಕೊಂಡರು. ಮೈಸೂರಿನವರೆಂದು ಭಾವಿಸಿ ಕಾಳಗಕ್ಕೆ ಅಣಿಯಾದರೆ, ಬಂದವರು ಅವನ ಮಿತ್ರರಾದ ಮರಾಠರ ಮುಂಚೂಣಿಯವರು, ಹಿಂದೆ ಬೇಕಾದಷ್ಟು ದವಸವಿದ್ದ ದಂಡು. ಇಷ್ಟು ಹತ್ತಿರದಲ್ಲಿ ಮರಾಠರಿದ್ದಾರೆಂಬ ಸುದ್ದಿಯೇ ಅವನಿಗೆ ತಲುಪಿರಲಿಲ್ಲ, ಏಕೆಂದರೆ ಟಿಪ್ಪುವಿನ ಹಗುರ ಕುದುರೆಪಡೆ ದಾರಿಗಳನ್ನು ಕಾಯುತ್ತ ಓಲೆಕಾರರನ್ನು ಹಿಡಿದುಹಾಕುತ್ತಿತ್ತು. ಆ ಸುದ್ದಿ ನಾಲ್ಕು ದಿನ ಮೊದಲು ಸಿಕ್ಕಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವು. ಡ್ಯಾನ್ ದಡದಲ್ಲಿ ತಪ್ಪು ಸುದ್ದಿ, ಕಾವೇರಿ ದಡದಲ್ಲಿ ಸುದ್ದಿಯೇ ಇಲ್ಲ. ಮುಂದಿನ ವರ್ಷ ಮರಾಠರು ಮತ್ತು ನಿಜಾಮನೊಂದಿಗೆ ಸೇರಿ ಬಂದು ಅವನು ಒಪ್ಪಂದ ಬರೆಸಿಕೊಂಡದ್ದು ಬೇರೆ ಕತೆ.

1791ರ ಡಿಸೆಂಬರ್ 29ರಂದು ನಮ್ಮ ಶಿವಮೊಗ್ಗದ ಬಳಿಯಲ್ಲೇ, ತುಂಗೆಯನ್ನೂ ದಟ್ಟ ಕಾಡನ್ನೂ ಆಸರೆ ಮಾಡಿಕೊಂಡು ನಿಂತಿದ್ದ ಟಿಪ್ಪುವಿನ ಕಡೆಯ ರಜಾ ಸಾಹೇಬನ ಸೇನೆಯನ್ನು ಮರಾಠ ಸೇನಾನಿ ಪರಶುರಾಮ ಭಾವುವಿನ ಜೊತೆಗಿದ್ದ ಬ್ರಿಟಿಷ್ ಕ್ಯಾಪ್ಟನ್ ಲಿಟ್ಲ್ ಮುರಿದ. ಕಾಡು ಕಾಯುವವನಿಗೂ ಮರೆ, ಬರುವವನಿಗೂ ಮರೆ.

ಮಿಲಿಷಿಯಾ ಎಂಬುದಕ್ಕೆ ಹಳೆಯ ಮೈಸೂರಿನಲ್ಲಿ ‘ಕಂದಾಚಾರ’ ಎಂಬ ಮಾತಿತ್ತು. ಕಂದಾಚಾರದವರು ಊರಲ್ಲೇ ಇದ್ದು, ಬೇಸಾಯ ಮಾಡುತ್ತ, ಕರೆ ಬಂದಾಗ ಕೋವಿ ಹಿಡಿಯುತ್ತಿದ್ದರು. ಆದರೆ ಅವರು ಅರಸರಿಂದ ಸಂಬಳವನ್ನೋ ಭೂಮಿಯನ್ನೋ ಪಡೆದು ಅರಸರ ಅಧಿಕಾರಿಯ ಕೆಳಗೆ ಇದ್ದವರು. ಅಮೆರಿಕದವರು ತಮ್ಮ ನಾಯಕರನ್ನು ಎಷ್ಟೋ ಕಡೆ ತಾವೇ ಆರಿಸಿಕೊಳ್ಳುತ್ತಿದ್ದರು, ಕೊಯ್ಲು ಬಂದರೆ ಮನೆಗೆ ಹೊರಟುಬಿಡುತ್ತಿದ್ದರು. ‘ನಾಡಪಡೆ’ ಎನ್ನುವುದೇ ವಾಸಿ.

ಪ್ರಶ್ನೆ ಕೇಳಿದವರ ಮರುಮಾತು
ತುಂಗಾತೀರದ ಓದುಗ

ಮೂವರಿಗೂ ವಂದನೆಗಳು. ‘ನಾಡಪಡೆ’ಯನ್ನೇ ಇಟ್ಟುಕೊಳ್ಳುತ್ತೇನೆ. ಹಿರಿಯರಿಗೆ ಹೊಸನಗರದವರ ಮಾಳದ ಪ್ರಸಂಗವನ್ನು ಓದಿ ಹೇಳಿದೆ. ಅವರೂ ಗದ್ದೆ ಕಾದವರೇ ಆದ್ದರಿಂದ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಯುವವನ ಬೆಂಕಿ ಕಳ್ಳನಿಗೂ ಕಾಣುತ್ತದಲ್ಲ, ಬ್ರಿಟಿಷ್ ಕಡೆಯವರಿಗೆ ಊರಿನಲ್ಲಿ ಕಾವಲಿನವರು ಇರಲಿಲ್ಲವೇ ಎಂದು ಕೇಳಿದರು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಉತ್ತರ 4
ಹಳೆಯ ಮೇಷ್ಟರು, ಸಾಗರ

ಇದ್ದರು, ಸಾಕಷ್ಟು ಮಂದಿ ಇದ್ದರು. ಹಿರಿಯರ ಪ್ರಶ್ನೆ ಸರಿಯಾದ ಜಾಗಕ್ಕೇ ಮುಟ್ಟಿದೆ. ಕೆರೊಲಿನಾದಲ್ಲಿ ನಡೆದದ್ದು ಬಹುಪಾಲು ನೆರೆಹೊರೆಯವರ ನಡುವಿನ ಯುದ್ಧ. ಅರಸನ ಕಡೆಯ ನಾಡಪಡೆಯವರೂ ಅದೇ ಹೊಳೆಗಳನ್ನು, ಅದೇ ಕಾಲುದಾರಿಗಳನ್ನು ಬಲ್ಲವರಾಗಿದ್ದರು. ಡ್ಯಾನ್ ದಾಟಿದ ಮೇಲೆ ಗ್ರೀನ್ ಕೆಲವೇ ದಿನಗಳಲ್ಲಿ ತನ್ನ ಕುದುರೆಪಡೆಯನ್ನು ಮತ್ತೆ ಈಚೆಗೆ ಕಳುಹಿಸಿದ. ಫೆಬ್ರುವರಿ ಕೊನೆಯ ವಾರದಲ್ಲಿ ಜಾನ್ ಪೈಲ್ ಎಂಬ ವೈದ್ಯನ ಕೈಕೆಳಗೆ ಅರಸನ ಕಡೆಯವರು ಸುಮಾರು 400 ಮಂದಿ ಕಾರ್ನ್‌ವಾಲಿಸನನ್ನು ಸೇರಲು ಹೊರಟಿದ್ದರು. ದಾರಿಯಲ್ಲಿ ಹಸಿರು ಅಂಗಿಯ ಸವಾರರು ಎದುರಾದರು. ಬ್ರಿಟಿಷರ ಟಾರ್ಲ್‌ಟನ್ನನ ಸವಾರರ ಅಂಗಿಯೂ ಹಸಿರೇ ಆದ್ದರಿಂದ, ಇವರು ನಮ್ಮವರೇ ಎಂದುಕೊಂಡು ಪೈಲನ ಜನ ಕೋವಿಗಳನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯ ಬದಿಗೆ ಸರಿದು ದಾರಿ ಬಿಟ್ಟರು. ಆದರೆ ಆ ಸವಾರರು ಗ್ರೀನ್ ಕಳುಹಿಸಿದ್ದ ಹೆನ್ರಿ ಲೀಯ ಕಡೆಯವರು. ಕೆಲವೇ ನಿಮಿಷಗಳಲ್ಲಿ ಸುಮಾರು 90 ಜನ ಸತ್ತರು. ಆ ಸುದ್ದಿ ಹರಡಿದ ಮೇಲೆ ಕಾರ್ನ್‌ವಾಲಿಸನ ಬಾವುಟದ ಕೆಳಗೆ ಬಂದು ಸೇರುವ ಊರಿನವರು ಬಹುಮಟ್ಟಿಗೆ ನಿಂತೇಹೋದರು.

ಹಲಗೆಯ ಮೇಲೆ ನಕ್ಷೆ ಬರೆಯುವುದಾದರೆ ಕಟಾಬಾ, ಯಾಡ್ಕಿನ್, ಡೀಪ್, ಡ್ಯಾನ್ ಎಂದು ನಾಲ್ಕು ಗೆರೆಗಳನ್ನು ಎಳೆದುಕೊಳ್ಳಿ, ಪ್ರತಿ ಗೆರೆಯ ಮೇಲೂ ದೋಣಿ ಅಂದು ಯಾವ ದಡದಲ್ಲಿತ್ತೆಂದು ಗುರುತು ಹಾಕಿ. ಸೀಮೆಸುಣ್ಣದಲ್ಲಿ ಎರಡು ಬಣ್ಣ ಸಿಕ್ಕರೆ ಒಳ್ಳೆಯದು.